ಮನೆಯ ಮಾತು, ಊರಿನ ಕಡತ: ಅಜ್ಜ ಅಜ್ಜಿಯರ ಬದುಕಿಗೆ ಕನ್ನಡನಾಡಿನ ಆಕರಗಳು

ಕನ್ನಡನಾಡಿನಲ್ಲಿ ಅರಸರ ವಂಶಾವಳಿಗಳು ಕಲ್ಲಿನ ಮೇಲೂ ತಾಮ್ರದ ಹಲಗೆಗಳ ಮೇಲೂ ಉಳಿದುಕೊಂಡಿವೆ, ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳನ್ನು ತೆರೆದರೆ ಸಾವಿರ ವರ್ಷಗಳ ಹಿಂದಿನ ಸಾಮಂತನೊಬ್ಬನ ತಂದೆ ತಾತಂದಿರ ಹೆಸರುಗಳು ಸಿಗುತ್ತವೆ. ಆದರೆ ಅದೇ ಊರಿನಲ್ಲಿ ನೂರು ವರ್ಷಗಳ ಹಿಂದೆ ಹೊಲ ಉತ್ತು, ರಾಗಿ ಬೀಸಿ, ಮಕ್ಕಳನ್ನು ಸಾಕಿ ಸತ್ತ ಒಕ್ಕಲಿನವರ ಹೆಸರನ್ನು ಅವರ ಮರಿಮಕ್ಕಳೇ ಹೇಳಲಾರದ ಸ್ಥಿತಿ ಸಾಮಾನ್ಯವಾಗಿದೆ. ಇದಕ್ಕೆ ಆಕರಗಳ ಕೊರತೆಯೊಂದೇ ಕಾರಣವಲ್ಲ. ಇರುವ ಆಕರಗಳು ಎರಡು ಬೇರೆ ಬೇರೆ ಕಡೆ ಬಿದ್ದಿರುವುದು ಹೆಚ್ಚಿನ ಕಾರಣ. ಒಂದು ಮನೆಯ ಹಿರಿಯರ ಬಾಯಲ್ಲಿರುವ ಮಾತು, ಇನ್ನೊಂದು ತಾಲ್ಲೂಕು ಕಚೇರಿಯ ಕಪಾಟಿನಲ್ಲಿರುವ ಕಡತ. ಮನೆಯ ಮಾತಿಗೆ ಘಟನೆ ಗೊತ್ತು, ಇಸವಿ ಗೊತ್ತಿಲ್ಲ. ಕಡತಕ್ಕೆ ಇಸವಿ ಗೊತ್ತು, ಮನುಷ್ಯ ಗೊತ್ತಿಲ್ಲ. ಇವೆರಡನ್ನೂ ಪರಸ್ಪರ ಸಾಕ್ಷಿಗಳಾಗಿ ಎದುರುಬದುರು ನಿಲ್ಲಿಸಿದಾಗ ಮಾತ್ರ ಅಜ್ಜ ಅಜ್ಜಿಯರ ಬದುಕು ಚರಿತ್ರೆಯಾಗಿ ಕಾಣತೊಡಗುತ್ತದೆ.

ಮೊದಲಿಗೆ ಮನೆಯ ಮಾತು ಕಾಲವನ್ನು ಅಳೆಯುವ ಬಗೆಯನ್ನು ತಿಳಿಯಬೇಕು. ಹಿಂದಿನ ತಲೆಮಾರಿನವರು ವರ್ಷವನ್ನು ಅಂಕಿಯಿಂದ ಗುರುತಿಸದೆ ಸಂವತ್ಸರದ ಹೆಸರಿನಿಂದಲೋ ಊರಿಗೆ ಬಂದ ಆಪತ್ತಿನಿಂದಲೋ ಗುರುತಿಸುತ್ತಿದ್ದರು. ಸಂವತ್ಸರವೆಂದರೆ ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರುಗಳ ಒಂದು ಆವರ್ತ. ಅದು ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹೀಗಾಗಿ ‘ಧಾತು ಸಂವತ್ಸರದಲ್ಲಿ ಹುಟ್ಟಿದವನು’ ಎಂಬ ಮಾತು 1816, 1876, 1936 ಇವುಗಳಲ್ಲಿ ಯಾವುದಕ್ಕಾದರೂ ಸಲ್ಲಬಹುದು. ಯಾವ ಆವರ್ತವೆಂಬುದನ್ನು ಉಳಿದ ಸಂಗತಿಗಳಿಂದ, ಅಂದರೆ ಮಕ್ಕಳ ವಯಸ್ಸು, ಮದುವೆಯ ಕಾಲ, ಆಗಿನ ಶಾನುಭೋಗರ ಹೆಸರು ಮುಂತಾದವುಗಳಿಂದ ತೀರ್ಮಾನಿಸಬೇಕಾಗುತ್ತದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಅದು ಎರಡು ಇಂಗ್ಲಿಷ್ ವರ್ಷಗಳಲ್ಲಿ ಹರಡಿಕೊಂಡಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಆಪತ್ತುಗಳ ಪೈಕಿ ಹಳೆಯ ಮೈಸೂರು ಸೀಮೆಯ ಕುಟುಂಬಗಳ ನೆನಪಿನಲ್ಲಿ ಅತ್ಯಂತ ಆಳವಾಗಿ ಕುಳಿತಿರುವುದು 1876ರಿಂದ 1878ರವರೆಗಿನ ಬರ. ಅದು ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಜನ ಅದನ್ನು ಆ ಹೆಸರುಗಳಿಂದಲೇ ನೆನೆದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯ ಹೊತ್ತಿಗೆ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಆರು ಜನರಲ್ಲಿ ಒಬ್ಬರು ಇಲ್ಲವಾದ ಲೆಕ್ಕ ಅದು. ಇಂದು ಒಂದು ಮನೆತನದವರು ‘ನಮ್ಮ ಹಿರೀಕರು ಬೇರೆ ಸೀಮೆಯಿಂದ ಒಬ್ಬನೇ ಹುಡುಗನಾಗಿ ಬಂದು ಈ ಊರಿನ ಗೌಡರ ಮನೆಯಲ್ಲಿ ದನ ಕಾಯ್ದರು’ ಎಂದು ಹೇಳುವಾಗ, ಆ ಹುಡುಗನ ತಂದೆ ತಾಯಿಯರು ಎಲ್ಲಿ ಹೋದರೆಂಬ ಪ್ರಶ್ನೆಗೆ ಈ ಅಂಕಿಗಳಲ್ಲಿ ಉತ್ತರವಿರುವ ಸಾಧ್ಯತೆ ದೊಡ್ಡದು.

ಬರಗಳ ನೆನಪು ಒಂದರೊಳಗೊಂದು ಬೆರೆತುಹೋಗುವ ಅಪಾಯವೂ ಇದೆ. ಉತ್ತರ ಕರ್ನಾಟಕದಲ್ಲಿ ‘ಡೋಗಿ ಬರ’ ಎಂದು ಹೆಸರಾದದ್ದು 1791–92ರ ಸುಮಾರಿನ ಕ್ಷಾಮ. 1900ರ ಸುಮಾರಿಗೆ ಹುಟ್ಟಿದ ವ್ಯಕ್ತಿಯೊಬ್ಬರು ತಮ್ಮ ಅಜ್ಜ ಡೋಗಿ ಬರದಲ್ಲಿ ಊರು ಬಿಟ್ಟರೆಂದು ಹೇಳಿದ್ದರೆ, ತಲೆಮಾರಿಗೆ ಇಪ್ಪತ್ತೈದು ವರ್ಷವೆಂದು ಹಿಂದಕ್ಕೆ ಎಣಿಸಿದಾಗ ಆ ಅಜ್ಜ 1850ರ ಆಸುಪಾಸಿನವನಾಗುತ್ತಾನೆಯೇ ಹೊರತು ಟಿಪ್ಪು ಸುಲ್ತಾನನ ಕಾಲದವನಾಗುವುದಿಲ್ಲ. ಅಲ್ಲಿ ಊರು ಬಿಡಿಸಿದ್ದು 1876ರ ಬರ. ಹೆಸರು ಮಾತ್ರ ಹಳೆಯದರಿಂದ ಬಂದದ್ದು. ಇಂತಹ ಕಡೆ ನೆನಪನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಘಟನೆ ನಿಜ, ಅದಕ್ಕೆ ಅಂಟಿದ ಹಣೆಪಟ್ಟಿ ತಪ್ಪು ಎಂದು ಬಿಡಿಸಿ ನೋಡುವುದೇ ಚರಿತ್ರೆಕಾರನ ಕೆಲಸ.

ಬರದ ನಂತರದ ಗುರುತಿನ ಕಲ್ಲುಗಳು ಪ್ಲೇಗು ಮತ್ತು ಇನ್‌ಫ್ಲುಯೆಂಜಾ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುದಾರಿ ಹಿಡಿದು ಧಾರವಾಡ ಹುಬ್ಬಳ್ಳಿಗಳನ್ನು ಮುಟ್ಟಿ, 1898ರ ಆಗಸ್ಟಿನಲ್ಲಿ, ಅಂದರೆ ವಿಳಂಬಿ ಸಂವತ್ಸರದಲ್ಲಿ, ಬೆಂಗಳೂರನ್ನು ಹೊಕ್ಕಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಹಿನ್ನೆಲೆಯಲ್ಲಿ. ಹಳ್ಳಿಗಳಲ್ಲಿ ಇಲಿ ಬಿದ್ದೊಡನೆ ಜನ ಊರು ಖಾಲಿ ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು, ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಹೀಗೆ ಹೊಲಕ್ಕೆ ಹೋದವರಲ್ಲಿ ಕೆಲವರು ಅಲ್ಲೇ ನೆಲೆ ನಿಂತು ಹೊಸ ಹಟ್ಟಿ, ಹೊಸ ಊರುಗಳಾದದ್ದುಂಟು. 1918ರ ಇನ್‌ಫ್ಲುಯೆಂಜಾ ಇದಕ್ಕಿಂತ ಕಡಿಮೆ ಕಾಲ ಇದ್ದು ಹೆಚ್ಚು ಜೀವ ತೆಗೆಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷ 6 ಸಾವಿರ ಇದ್ದದ್ದು 1921ರಲ್ಲಿ ಸುಮಾರು 59 ಲಕ್ಷ 79 ಸಾವಿರಕ್ಕೆ ಮಾತ್ರ ಏರಿತು ಎಂಬುದರ ಹಿಂದೆ ಆ ಜ್ವರವಿದೆ. ಆ ಜ್ವರ ತೀವ್ರವಾಗಿದ್ದ 1918ರ ಅಕ್ಟೋಬರ್ ತಿಂಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಕಾಳಯುಕ್ತಿ ಸಂವತ್ಸರದ ಆಶ್ವಯುಜ ಮಾಸದಲ್ಲಿ ಬರುವುದರಿಂದ, ‘ನವರಾತ್ರಿ ಹೊತ್ತಿಗೆ ಜ್ವರ ಬಂದು ಮನೆಯಲ್ಲಿ ಮೂವರು ಹೋದರು’ ಎಂಬಂಥ ಮಾತು ಎಲ್ಲಿ ಕೇಳಿದರೂ ಅದನ್ನು 1918ರ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು.

ಸತ್ತ ದಿನವನ್ನು ಉಳಿಸಿಕೊಡುವ ಇನ್ನೊಂದು ವ್ಯವಸ್ಥೆ ತಿಥಿ. ಶ್ರಾದ್ಧ ಮಾಡುವ ಮನೆಗಳಲ್ಲಿ ಮಾಸ, ಪಕ್ಷ, ತಿಥಿ ಮೂರೂ ನೆನಪಿರುತ್ತವೆ. ಜೊತೆಗೆ ತಂದೆ, ತಾತ, ಮುತ್ತಾತರ ಹೆಸರುಗಳೂ, ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳೂ ವರ್ಷಕ್ಕೊಮ್ಮೆಯಾದರೂ ಉಚ್ಚಾರವಾಗುತ್ತವೆ. ಇಲ್ಲಿ ಇರದಿರುವುದು ಇಸವಿಯೊಂದೇ. ಬರ, ಪ್ಲೇಗು, ಮಗನ ಮದುವೆ ಮುಂತಾದ ಯಾವುದಾದರೊಂದು ಸುಳಿವಿನಿಂದ ಸಂವತ್ಸರ ಗೊತ್ತಾದರೆ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಪಂಚಾಂಗ ಕೋಷ್ಟಕಗಳ ನೆರವಿನಿಂದ ತಿಥಿಯನ್ನು ಇಂಗ್ಲಿಷ್ ತಾರೀಖಿಗೆ ತಿರುಗಿಸಬಹುದು. ಶಾಸನಗಳ ಕಾಲನಿರ್ಣಯಕ್ಕೆ ವಿದ್ವಾಂಸರು ಬಳಸುವ ಸಲಕರಣೆ ಹೀಗೆ ಒಬ್ಬ ಅಜ್ಜಿಯ ಸಾವಿನ ದಿನವನ್ನು ಹುಡುಕುವುದಕ್ಕೂ ಒದಗುತ್ತದೆ.

ಹೆಸರುಗಳೂ ಒಂದು ಆಕರವೇ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳಿ ಬರುತ್ತದೆ. ಇದು ಕಡತ ಓದುವವರನ್ನು ದಾರಿ ತಪ್ಪಿಸಬಲ್ಲದಾದರೂ, ಮರೆತ ಮುತ್ತಾತನ ಹೆಸರನ್ನು ಊಹಿಸಲು ನೆರವಾಗುವುದೂ ಅದೇ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದೋ, ಬೆಲೆಯಿಲ್ಲದ ಗುಂಡುಕಲ್ಲಿನಂತೆ ಗುಂಡ ಎಂದೋ ಕರೆಯುವ ಪದ್ಧತಿಯಿತ್ತು. ಅಂತಹ ಹೆಸರಿನ ಅಜ್ಜನಿಗೆ ಮೊದಲು ಹುಟ್ಟಿ ಉಳಿಯದೆ ಹೋದ ಅಕ್ಕ ಅಣ್ಣಂದಿರು ಇದ್ದಿರಬಹುದೆಂಬುದನ್ನು ಯಾವ ದಾಖಲೆಯೂ ಹೇಳದಿದ್ದರೂ ಹೆಸರು ಹೇಳುತ್ತದೆ.

ಕುಟುಂಬ ಎಲ್ಲಿಂದ ಬಂತೆಂಬುದಕ್ಕೆ ಮನೆದೇವರು ಬಲವಾದ ಸಾಕ್ಷಿ. ಮನೆದೇವರೆಂದರೆ ಊರದೇವರಿಗಿಂತ ಬೇರೆಯಾಗಿ ಒಂದು ವಂಶ ತಲೆತಲಾಂತರದಿಂದ ನಡೆದುಕೊಳ್ಳುವ ದೇವರು. ಮಕ್ಕಳ ಮುಡಿ ಕೊಡುವುದು, ಮದುವೆಯ ಮೊದಲ ಲಗ್ನಪತ್ರಿಕೆ ಇಡುವುದು ಅಲ್ಲೇ. ಈಗ ಇರುವ ಊರಿನಿಂದ ನೂರಾರು ಮೈಲಿ ದೂರದ ಬೆಟ್ಟದಲ್ಲೋ ನದಿಯ ದಡದಲ್ಲೋ ಮನೆದೇವರಿದ್ದರೆ, ಆ ದೂರವೇ ವಂಶ ನಡೆದುಬಂದ ದಾರಿಯ ಗುರುತಾಗಿರಬಹುದು. ಬೆಡಗು, ಬಳಿ ಎಂಬ ಒಳಗುರುತುಗಳನ್ನು, ಅಂದರೆ ಒಂದೇ ಮೂಲದವರೆಂದು ಭಾವಿಸಿ ಪರಸ್ಪರ ಹೆಣ್ಣು ಕೊಟ್ಟು ತರದ ಗುಂಪುಗಳ ಹೆಸರುಗಳನ್ನು, ಇದರೊಡನೆ ಇಟ್ಟು ನೋಡಿದರೆ ಚದುರಿಹೋದ ದಾಯಾದಿಗಳ ಊರುಗಳು ಗೊತ್ತಾಗುತ್ತವೆ.

ಈ ಬಾಯಿಮಾತಿನ ಪರಂಪರೆಯನ್ನೇ ವೃತ್ತಿಯಾಗಿಸಿಕೊಂಡವರು ಹೆಳವರು. ಉತ್ತರ ಕರ್ನಾಟಕದ ಊರುಗಳಲ್ಲಿ ಎತ್ತಿನೊಡನೆ, ಗಂಟೆಯ ಸದ್ದಿನೊಡನೆ ಮನೆಬಾಗಿಲಿಗೆ ಬಂದು, ಆ ಮನೆಯ ಹಿರಿಯರ ಹೆಸರುಗಳನ್ನೂ ಅವರು ಬಂದ ಮೂಲ ಸ್ಥಳವನ್ನೂ ಬೆಡಗನ್ನೂ ಒಂದೇ ಉಸುರಿಗೆ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಬಟ್ಟೆ ದನಗಳನ್ನು ಕಾಣಿಕೆಯಾಗಿ ಪಡೆಯುವುದು ಇವರ ಕಾಯಕ. ಹೆಳವ ಎಂದರೆ ಕಾಲಿಲ್ಲದವನು. ಈ ಕುಲದ ಮೂಲಪುರುಷ ನಡೆಯಲಾರದವನಾಗಿದ್ದು ಬಸವಣ್ಣನ ಕೃಪೆಯಿಂದ ಎತ್ತಿನ ಮೇಲೆ ಕುಳಿತು ಊರೂರು ಸುತ್ತಿದನೆಂದು ಅವರ ಐತಿಹ್ಯ ಹೇಳುತ್ತದೆ. ಯಾವ ಹೆಳವರಿಗೆ ಯಾವ ಮನೆತನಗಳು ಎಂಬ ಹಂಚಿಕೆ ಅವರೊಳಗೆ ಇರುವುದರಿಂದ ಒಂದು ವಂಶದ ವಿವರ ಒಂದೇ ಕುಟುಂಬದ ಕೈಯಲ್ಲಿ ತಲೆಮಾರುಗಳ ಕಾಲ ಬೆಳೆಯುತ್ತ ಬರುತ್ತದೆ. ಕಾಣಿಕೆ ಕೊಡುವ ಮನೆಯನ್ನು ಹೊಗಳುವ ಅಗತ್ಯ ಇಲ್ಲಿ ಇರುವುದರಿಂದಲೂ, ಪಟ್ಟಿಯಲ್ಲಿ ಗಂಡುಮಕ್ಕಳ ಸಾಲೇ ಮುಖ್ಯವಾಗಿರುವುದರಿಂದಲೂ ಅವರ ಮಾತನ್ನು ಪರಿಶೀಲಿಸಿ ಬಳಸಬೇಕು. ಹಾಗಿದ್ದರೂ ಓದುಬರಹವಿಲ್ಲದ ಒಕ್ಕಲು ಮನೆತನಗಳಿಗೆ ಇಷ್ಟು ವ್ಯವಸ್ಥಿತವಾದ ವಂಶಾವಳಿ ಬೇರೆಲ್ಲೂ ಸಿಗದು.

ಇನ್ನು ಕಾಗದದ ಕಡೆಗೆ ಬಂದರೆ, ಕನ್ನಡನಾಡಿನ ಹಳ್ಳಿಯ ಮೊದಲ ದಾಖಲೆಗಾರರು ಶಾನುಭೋಗರು. ಮುಂಬಯಿ ಕರ್ನಾಟಕದಲ್ಲಿ ಅವರನ್ನು ಕುಲಕರ್ಣಿ ಎನ್ನುತ್ತಿದ್ದರು. ಅವರು ಲೆಕ್ಕ ಬರೆಯುತ್ತಿದ್ದ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಸವರಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಹೊತ್ತಿಗೆ. ಇಂದು ಕಚೇರಿಯ ಯಾವ ಫೈಲನ್ನಾದರೂ ಕಡತವೆನ್ನುವುದು ಆ ಹೊತ್ತಿಗೆಯ ನೆನಪಿನಿಂದಲೇ. ಮುಂಬಯಿ ಕರ್ನಾಟಕದ ಹಳೆಯ ಲೆಕ್ಕಪತ್ರಗಳಲ್ಲಿ ಅನೇಕವು ಮರಾಠಿಯನ್ನು ಬರೆಯುವ ಮೋಡಿ ಲಿಪಿಯಲ್ಲಿದ್ದರೆ, ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ಬೀದರ, ರಾಯಚೂರುಗಳ ದಾಖಲೆಗಳು ಪಾರ್ಸಿ ಮತ್ತು ಉರ್ದುವಿನಲ್ಲಿವೆ. 1956ರ ನವೆಂಬರ್ 1ರವರೆಗೆ ಕನ್ನಡ ಮಾತನಾಡುವ ಪ್ರದೇಶ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರಿಂದ, ಮೇಲುಮಟ್ಟದ ದಾಖಲೆಗಳೂ ಹಾಗೆಯೇ ಹಂಚಿಹೋಗಿವೆ: ಹಳೆಯ ಮೈಸೂರಿನವು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ, ಮುಂಬಯಿ ಕರ್ನಾಟಕದವು ಹೆಚ್ಚಾಗಿ ಮುಂಬಯಿ ಮತ್ತು ಪುಣೆಯಲ್ಲಿ, ದಕ್ಷಿಣ ಕನ್ನಡ ಬಳ್ಳಾರಿಗಳವು ಚೆನ್ನೈಯಲ್ಲಿ, ನಿಜಾಮರ ಸೀಮೆಯವು ಹೈದರಾಬಾದಿನಲ್ಲಿ. ಆದುದರಿಂದ ಹುಡುಕಾಟದ ಮೊದಲ ಪ್ರಶ್ನೆ ಅಜ್ಜನ ಊರು ಯಾವುದು ಎಂಬುದು. ಎರಡನೆಯದು ಆ ಊರು ಆಗ ಯಾರ ಆಡಳಿತದಲ್ಲಿತ್ತು ಎಂಬುದು.

ಮೈಸೂರಿನಲ್ಲಿ 1863ರಿಂದ ಆರಂಭವಾದ ಕಂದಾಯ ಸರ್ವೆ ಸಾಮಾನ್ಯ ರೈತನನ್ನು ಕಾಗದದ ಮೇಲೆ ತಂದ ದೊಡ್ಡ ಘಟ್ಟ. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಿದ್ದು, ಅದರ ವಿಸ್ತೀರ್ಣ, ಮಣ್ಣಿನ ಗುಣ, ಕಂದಾಯ ಮತ್ತು ಹಿಡುವಳಿದಾರನ ಹೆಸರು ದಾಖಲಾದವು. ಅಲ್ಲಿಂದ ಮುಂದೆ ಪಹಣಿ, ಅಂದರೆ ವರ್ಷವರ್ಷವೂ ಯಾರ ಹೊಲದಲ್ಲಿ ಯಾವ ಬೆಳೆ ಇದೆಯೆಂದು ಬರೆಯುವ ಪಟ್ಟಿ, ಮನೆತನದ ಏಳುಬೀಳುಗಳನ್ನು ತನಗರಿವಿಲ್ಲದೆಯೇ ಹೇಳುತ್ತ ಬಂದಿದೆ. ಉತ್ತರ ಕರ್ನಾಟಕದಲ್ಲಿ ಇದನ್ನೇ ಉತಾರ ಎನ್ನುತ್ತಾರೆ. ಹಿಡುವಳಿದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಆಗುವ ಬದಲಾವಣೆಗೆ ಪೌತಿ ಖಾತೆ ಎಂದು ಹೆಸರು. ಪೌತಿ ಎಂದರೆ ಸಾವು. ಜನನ ಮರಣ ನೋಂದಣಿ ಕೈಗೆ ಸಿಗದ ಕಡೆ ಪೌತಿಯ ನಮೂದು ಸಾವಿನ ಸುಮಾರು ಕಾಲವನ್ನೂ ಆಗ ಬದುಕಿದ್ದ ಮಕ್ಕಳನ್ನೂ ಒಟ್ಟಿಗೆ ತಿಳಿಸುತ್ತದೆ. ಆದರೆ ತಾತನ ಹೆಸರಿನಲ್ಲೇ ಖಾತೆ ಎರಡು ಮೂರು ತಲೆಮಾರು ಉಳಿದುಬಿಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾದುದರಿಂದ, ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ವ್ಯಕ್ತಿ ಆಗ ಬದುಕಿದ್ದನೆಂದು ತಿಳಿಯುವಂತಿಲ್ಲ.

ವಯಸ್ಸಿನ ವಿಚಾರದಲ್ಲಿ ಶಾಲೆಯ ದಾಖಲಾತಿ ಪುಸ್ತಕವನ್ನು ಎಚ್ಚರಿಕೆಯಿಂದ ಓದಬೇಕು. ಹುಡುಗನನ್ನು ಶಾಲೆಗೆ ಸೇರಿಸುವ ದಿನ ಮೇಷ್ಟರು, ಸೇರುವ ವಯಸ್ಸಿಗೆ ಸರಿಹೊಂದುವಂತೆ ಮೇ, ಜೂನ್ ತಿಂಗಳ ಯಾವುದೋ ತಾರೀಖನ್ನು ಬರೆದುಕೊಂಡದ್ದೇ ಎಷ್ಟೋ ಹಿರಿಯರ ಜನ್ಮದಿನವಾಗಿದೆ. ಮನೆಯ ಜಾತಕ ಅಥವಾ ಹಳೆಯ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಟ್ಟ ನಕ್ಷತ್ರ ಸಿಕ್ಕರೆ ಅದೇ ಹೆಚ್ಚು ನಂಬಲರ್ಹ. ಹಿಂದೆ ಖಾನೇಷುಮಾರಿ, ಅಂದರೆ ಮನೆ ಎಣಿಕೆ, ಎಂದು ಕರೆಯುತ್ತಿದ್ದ ಜನಗಣತಿಯಿಂದ ಒಂದು ಊರಿನ ಒಟ್ಟು ಚಿತ್ರ ದೊರೆಯುತ್ತದೆಯೇ ಹೊರತು ಒಂದು ಮನೆಯ ವಿವರ ದೊರೆಯುವುದಿಲ್ಲ. ವ್ಯಕ್ತಿಗಳ ಹೆಸರಿರುವ ಗಣತಿ ಹಾಳೆಗಳನ್ನು ಸಾರ್ವಜನಿಕರು ನೋಡಲು 1948ರ ಜನಗಣತಿ ಕಾಯ್ದೆ ಅವಕಾಶ ಕೊಡುವುದಿಲ್ಲ.

ಈ ಎಲ್ಲ ಕಾಗದಗಳ ದೊಡ್ಡ ಮೌನ ಹೆಂಗಸರದು. ಹಳೆಯ ಮೈಸೂರಿನ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರನ್ನೂ, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರನ್ನೂ ಸೇರಿಸುತ್ತಿದ್ದರು. ಹೀಗಾಗಿ ಮದುವೆಯಾಗಿ ಬಂದ ಅಜ್ಜಿಗೆ ಕಾಗದದ ಮೇಲೆ ಗಂಡನಿದ್ದಾನೆ, ತಂದೆ ತಾಯಿಯರಿಲ್ಲ, ತವರೂರಿಲ್ಲ. 1952ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿ ಸಿದ್ಧವಾಗುವಾಗ ದೇಶದಲ್ಲಿ, ಬಹುಪಾಲು ಉತ್ತರದ ಪ್ರಾಂತಗಳಲ್ಲಿ, ಸುಮಾರು 28 ಲಕ್ಷ ಹೆಂಗಸರು ಇಂಥವರ ಹೆಂಡತಿ ಇಂಥವರ ಮಗಳು ಎಂದಷ್ಟೇ ಗುರುತಿಸಿಕೊಂಡು ಸ್ವಂತ ಹೆಸರು ಕೊಡದೆ ಪಟ್ಟಿಯಿಂದ ಹೊರಗುಳಿಯಬೇಕಾಯಿತು ಎಂಬ ಸಂಗತಿಯಿಂದ ಈ ಮೌನದ ಅಗಲವನ್ನು ತಿಳಿಯಬಹುದು. ಮೈಸೂರಿನಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದು ಆಸ್ತಿಯ ವಿಭಾಗದಲ್ಲಿ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ದೊರಕುವಂತಾದುದರಿಂದ, ಆ ನಂತರದ ಪಾಲುಪತ್ರಗಳಲ್ಲಿ ಅವರನ್ನು ಹುಡುಕುವುದು ಫಲ ಕೊಡಬಹುದು.

ಕರಾವಳಿಯ ಅಳಿಯಸಂತಾನ ಮನೆತನಗಳ ಕಥೆ ಇದಕ್ಕೆ ತಿರುಗುಮುರುಗು. ಅಳಿಯಸಂತಾನವೆಂದರೆ ವಂಶ ಮತ್ತು ಆಸ್ತಿ ತಾಯಿಯ ಕಡೆಯಿಂದ ನಡೆಯುವ ಪದ್ಧತಿ. ಅಲ್ಲಿ ಒಬ್ಬ ಹೆಂಗಸು ಮತ್ತು ಅವಳ ಹೆಣ್ಣುಸಂತತಿಯಿಂದ ಬೆಳೆದ ಕವಲನ್ನು ಕವರು ಎನ್ನುತ್ತಾರೆ. ಮದರಾಸು ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಕವರುಗಳ ಪ್ರಕಾರ ಪಾಲು ಮಾಡಿಕೊಳ್ಳಲು ದಾರಿ ಮಾಡಿಕೊಟ್ಟಿತು. ಪಾಲು ಕೇಳುವವರು ತಾವು ಯಾವ ಅಜ್ಜಿಯ ಕವರಿನವರೆಂದು ತೋರಿಸಬೇಕಾದ್ದರಿಂದ ಅಲ್ಲಿನ ಪಾಲುಪಟ್ಟಿಗಳಲ್ಲಿ ಅಜ್ಜಿ, ಮುತ್ತಜ್ಜಿಯರೇ ವಂಶದ ಬೇರುಗಳಾಗಿ ನಿಲ್ಲುತ್ತಾರೆ. ಆಸ್ತಿ ಯಾರ ಮೂಲಕ ಹರಿಯುತ್ತದೆಯೋ ಅವರ ಹೆಸರನ್ನು ಕಾಗದ ಉಳಿಸುತ್ತದೆ ಎಂಬ ನಿಯಮಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅದೇ ನಿಯಮದಿಂದ ಭೂಮಿಯಿಲ್ಲದವರು ಕಾಗದದಿಂದ ಹೊರಗುಳಿದರು. ಗೇಣಿದಾರ, ಜೀತದಾಳು, ಕೂಲಿಯವನು ಹೊಲವನ್ನು ಬೆವರಿನಿಂದ ತೋಯಿಸಿದರೂ ಖಾತೆಯಲ್ಲಿ ಬೇರೊಬ್ಬರ ಹೆಸರಿತ್ತು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಮೂರು ಕಾಯ್ದೆಗಳು ಇವರನ್ನು ಮಾತನಾಡಿಸಿದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯ ಪ್ರಕಾರ ಶಾನುಭೋಗ, ಪಟೇಲರಂತೆ ತೋಟಿ, ತಳವಾರ, ನೀರಗಂಟಿಗಳ ಸೇವೆಯೂ ಕೊನೆಗೊಂಡು, ಅವರ ಇನಾಮು ಜಮೀನುಗಳನ್ನು ಅವರಿಗೇ ಮರುಮಂಜೂರು ಮಾಡುವಾಗ ಯಾರ ತಾತ ಯಾವ ಕಾಲದಿಂದ ಊರಿನ ಸೇವೆ ಮಾಡಿದ್ದನೆಂಬ ವಿವರ ದಾಖಲಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ ನಂಬರ್ 7 ಎಂಬ ಅರ್ಜಿ ಸಲ್ಲಿಸಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಮ್ಮ ಹಿರಿಯರು ಎಂದಿನಿಂದ ಉಳುತ್ತಿದ್ದರು, ಎಷ್ಟು ಗೇಣಿ ಅಳೆಯುತ್ತಿದ್ದರು ಎಂದು ಹೇಳಿಕೆ ಕೊಟ್ಟರು. ಇಂತಹ ಅರ್ಜಿಗಳ ಸಂಖ್ಯೆ 8 ಲಕ್ಷವನ್ನು ಮೀರಿತ್ತು. ಪರಿಶಿಷ್ಟ ಜಾತಿ ಪಂಗಡಗಳಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆಯಡಿ ನಡೆದ ಮೊಕದ್ದಮೆಗಳಲ್ಲಿ, ತಾತನಿಗೆ ಸಾಗುವಳಿ ಚೀಟಿ ಸಿಕ್ಕ ವರ್ಷ, ಅದನ್ನು ಕಳೆದುಕೊಂಡ ಬಗೆ ಎರಡೂ ಮೊಮ್ಮಕ್ಕಳ ಬಾಯಿಂದ ಬಂದಿವೆ. ಅಕ್ಷರ ಬಾರದ ತಲೆಮಾರಿನ ಬದುಕು ತನ್ನದೇ ಮಾತಿನಲ್ಲಿ ಸರ್ಕಾರಿ ಕಾಗದಕ್ಕೆ ಏರಿದ ಅಪರೂಪದ ಸಂದರ್ಭಗಳಿವು. ಕೆಳವರ್ಗದ ಕುಟುಂಬಗಳ ಚರಿತ್ರೆಗೆ ಇವಕ್ಕಿರುವ ಬೆಲೆ ಅರಮನೆಯ ದಾಖಲೆಗಳ ಬೆಲೆಗಿಂತ ಕಡಿಮೆಯದಲ್ಲ.

ಕಳೆದುಕೊಂಡ ಹೊತ್ತಿನಲ್ಲೇ ಜನ ಹೆಚ್ಚು ವಿವರವಾಗಿ ದಾಖಲಾದದ್ದು ಇನ್ನೂ ಕೆಲವು ಕಡೆ ಕಾಣುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಿಂದಲೂ, 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದಲೂ ಮುಳುಗಿದ ಊರುಗಳಿಗೆ ಪರಿಹಾರ ಕೊಡಬೇಕಾದಾಗ ಜಮೀನು, ಮನೆ, ಬಾವಿ, ಮರಗಳನ್ನು ಲೆಕ್ಕಕ್ಕೆ ತರಬೇಕಾಯಿತು. ಇಂದು ನೀರಿನಡಿ ಇರುವ ಅಜ್ಜನ ಮನೆ ಅಂತಹ ಲೆಕ್ಕಗಳಲ್ಲಿ ನಿಂತಿರಬಹುದು. 1930ರ ದಶಕದಲ್ಲಿ ಅಂಕೋಲೆ, ಸಿದ್ದಾಪುರ, ಹಿರೇಕೆರೂರು ಸೀಮೆಗಳಲ್ಲಿ ನಡೆದ ಕರನಿರಾಕರಣೆಯ ಚಳವಳಿಯಲ್ಲಿ ಜಮೀನು ಜಪ್ತಿಯಾದ ರೈತರ ಮಾತೂ ಹೀಗೆಯೇ. ಆ ಮನೆಗಳಲ್ಲಿ ಉಪವಾಸದ ದಿನಗಳ ನೆನಪಿದ್ದರೆ ಕಡತದಲ್ಲಿ ಜಪ್ತಿಯ ತಾರೀಖಿದೆ.

ಮಾತು ಮತ್ತು ಕಡತ ಒಂದಕ್ಕೊಂದು ವಿರುದ್ಧವಾಗಿ ನಿಂತಾಗ ಅವಸರದ ತೀರ್ಪು ಸಲ್ಲದು. ‘ಜಮೀನನ್ನು ಮೋಸದಿಂದ ಬರೆಸಿಕೊಂಡರು’ ಎಂದು ಮನೆಯವರು ಹೇಳುವ ಕಡೆ ನೋಂದಣಿ ಕಚೇರಿಯಲ್ಲಿ ಕ್ರಮವಾದ ಕ್ರಯಪತ್ರವೇ ಇರಬಹುದು, ಅದರ ಕೆಳಗೆ ಅಜ್ಜನ ಹೆಬ್ಬೆಟ್ಟಿನ ಗುರುತೂ ಇರಬಹುದು. ಕ್ರಯಪತ್ರದ ತಾರೀಖು ಬರದ ವರ್ಷದ್ದಾಗಿದ್ದು, ಬೆಲೆ ಸುತ್ತಲಿನ ಜಮೀನುಗಳಿಗಿಂತ ತೀರ ಕಡಿಮೆಯಾಗಿದ್ದರೆ ಎರಡೂ ಸಾಕ್ಷಿಗಳು ಒಂದೇ ಸತ್ಯದ ಎರಡು ಮಗ್ಗುಲುಗಳಾಗುತ್ತವೆ: ಕಾನೂನಿನ ಲೆಕ್ಕದಲ್ಲಿ ಅದು ಮಾರಾಟ, ಹಸಿದವರ ಲೆಕ್ಕದಲ್ಲಿ ಅದು ಕಳವು. ಇಂತಹ ಕಡೆ ಕುಟುಂಬದ ಕಥೆ ನಾಡಿನ ಚರಿತ್ರೆಗೆ ಟಿಪ್ಪಣಿಯಾಗಿ ನಿಲ್ಲುವುದಿಲ್ಲ, ನಾಡಿನ ಚರಿತ್ರೆಯ ಅರ್ಥವನ್ನೇ ತಿದ್ದುತ್ತದೆ.

ಕಡತಗಳನ್ನು ನಾಳೆಯೂ ಹುಡುಕಬಹುದು. ಸರ್ವೆ ಪುಸ್ತಕ, ಪಾಲುಪತ್ರ, ನ್ಯಾಯಮಂಡಳಿಯ ಹೇಳಿಕೆಗಳನ್ನು ಕಾಯಲು ಕಚೇರಿಗಳಿವೆ. ಮಾತಿಗೆ ಅಂತಹ ಕಾವಲಿಲ್ಲ. ಆದುದರಿಂದ ಈ ಕೆಲಸಕ್ಕೆ ಕೈಹಾಕುವವರು ತಾಲ್ಲೂಕು ಕಚೇರಿಗೆ ಹೋಗುವ ಮೊದಲು ಮನೆಯ ಅತ್ಯಂತ ಹಿರಿಯ ಹೆಂಗಸಿನ ಬಳಿ ಕುಳಿತು, ಆಕೆಯ ತವರೂರು ಯಾವುದು, ಆಕೆಯ ತಾಯಿಯ ಹೆಸರೇನು, ಆ ತಾಯಿ ಯಾವ ಊರಿನಿಂದ ಬಂದವಳು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಹೇಳಿದ್ದನ್ನು ಹೇಳಿದಂತೆಯೇ ತಾರೀಖು ಹಾಕಿ ಬರೆದಿಡಬೇಕು. ‘ಕೋಂ’ ಎಂದು ಬರೆದು ಮುಗಿಸಿದ ಸರ್ಕಾರಿ ಪುಸ್ತಕಗಳಲ್ಲಿ ಈ ಮೂರಕ್ಕೂ ಉತ್ತರವಿಲ್ಲ.